ಆಕ್ಷೇಪಣೆಗಳು: ಶೂನ್ಯ

ನಗರಸಭೆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಬೆನ್ನ ಹಿಂದೆ ಶೂನ್ಯ ಮೇಡಂ ಎಂದು ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಊರಿನಲ್ಲಿ ಏನನ್ನಾದರೂ ಬದಲಾಯಿಸುವ ಮುಂಚೆ ಕಚೇರಿಯವರು ಒಂದು ಪ್ರಕಟಣೆ ಅಂಟಿಸಬೇಕು: ಆಕ್ಷೇಪಣೆ ಇದ್ದವರು ಮೂವತ್ತು ದಿನಗಳೊಳಗೆ ಬರೆದು ಕೊಡಿ. ಮೂವತ್ತನೆಯ ದಿನ ಸಂಜೆ ಐದಕ್ಕೆ, ಎಷ್ಟು ಬಂದವು ಎಂದು ಅವಳು ವರದಿ ಕೊಡಬೇಕು. ಹದಿನಾಲ್ಕು ವರ್ಷಗಳಿಂದ ಅವಳು ಬರೆದದ್ದು ಒಂದೇ ಪದ, ಶೂನ್ಯ. ಪ್ರಕಟಣೆಯ ಫಲಕ ಇದ್ದದ್ದು ಕಚೇರಿಯ ಒಳಗೆ, ಜೆರಾಕ್ಸ್ ಯಂತ್ರದ ಹಿಂದಿನ ಗೋಡೆಯ ಮೇಲೆ. ಅಲ್ಲಿಗೆ ನುಗ್ಗಿ ಯಾರು ತಾನೇ ಓದುತ್ತಾರೆ ಎಂದು ಕಚೇರಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಬರುಬರುತ್ತಾ ಅವಳು ಒಂದು ಸುಲಭದ ದಾರಿ ಕಂಡುಕೊಂಡಳು. ಪ್ರಕಟಣೆ ಅಂಟಿಸಿದ ದಿನವೇ ಶೂನ್ಯದ ವರದಿಯನ್ನೂ ಟೈಪ್ ಮಾಡಿ, ಮುಂದಿನ ತಿಂಗಳ ತಾರೀಕು ಹಾಕಿ, ಸಾಹೇಬರ ಸಹಿ ಮಾಡಿಸಿ ಇಟ್ಟುಬಿಡುವುದು. ಸಾಹೇಬರು ಓದುವ ಗೋಜಿಗೆ ಹೋಗದೆ ಸಹಿ ಹಾಕುತ್ತಿದ್ದರು. ಒಂದೇ ಕೆಲಸಕ್ಕೆ ಎರಡೆರಡು ಸಲ ಕುರ್ಚಿಯಿಂದ ಏಳುವುದು ಯಾರಿಗೆ ಬೇಕಾಗಿದೆ?

ಮನೆಯಲ್ಲಿ ಅವಳ ಅತ್ತೆ ಇದಕ್ಕೆ ತದ್ವಿರುದ್ಧ. ಅರ್ಜಿ ಬರೆದರೆ ಕೆಲಸ ಆಗುತ್ತದೆ ಎಂದು ನಂಬಿದ ಜೀವ. ಬೀದಿಯ ಮೂಲೆಯಲ್ಲಿ ಚರಂಡಿಗೆ ಮುಚ್ಚಿದ ಚಪ್ಪಡಿ ಸಡಿಲವಾಗಿತ್ತು, ಕಾಲಿಟ್ಟರೆ ಟಕ್ಕೆಂದು ಒಂದು ಕಡೆಗೆ ವಾಲುತ್ತಿತ್ತು. ಬಿದ್ದುಗಿದ್ದೇನು ಎಂಬ ಹೆದರಿಕೆಯಿಂದ ಅತ್ತೆ, ದಿನವೂ ಸಂಜೆ ಪಕ್ಕದ ಬೀದಿಯ ತಂಗಿಯ ಮನೆಗೆ ಹೋಗುತ್ತಿದ್ದವರು, ಹೋಗುವುದನ್ನೇ ಬಿಟ್ಟಿದ್ದರು. ಮೂರು ತಿಂಗಳ ಹಿಂದೆ ಎರಡು ಪುಟದ ಅರ್ಜಿ ಬರೆದು ಸೊಸೆಯ ಕೈಗೆ ಕೊಟ್ಟರು. ಅದು ಅವಳ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ತಣ್ಣಗೆ ಮಲಗಿತ್ತು. ಕೊಟ್ಟರೆ ಏನೂ ಆಗುವುದಿಲ್ಲ, ಆಗದಿದ್ದರೆ ಅತ್ತೆ ನೊಂದುಕೊಳ್ಳುತ್ತಾರೆ, ಕೊಡದಿರುವುದೇ ವಾಸಿ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

"ನನ್ನ ಅರ್ಜಿ ಎಲ್ಲಿಗೆ ಬಂತಮ್ಮಾ?" ಎಂದು ಅತ್ತೆ ವಾರಕ್ಕೊಮ್ಮೆ ಕೇಳುತ್ತಿದ್ದರು.

"ಪರಿಶೀಲನೇಲಿದೆ ಅತ್ತೆ."

"ಪಾಪ, ಅವರಿಗೂ ಎಷ್ಟು ಕೆಲಸವೋ ಏನೋ."

ಬೈದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ಈ ಪಾಪ ಎನ್ನುವ ಮಾತು ಮಾತ್ರ ಮುಳ್ಳಿನಂತೆ ಚುಚ್ಚುತ್ತಿತ್ತು.

ಹೀಗಿರುವಾಗ ದೊಡ್ಡ ಲಾಂಡ್ರಿಯ ಎದುರಿನ ಬಸ್ ಸ್ಟಾಪ್ ರದ್ದು ಮಾಡುವ ಪ್ರಕಟಣೆ ಬಂತು. ಸಮೀಕ್ಷೆ ಮಾಡಿದ ದಿನ ಅಲ್ಲಿ ಬಸ್ ಹತ್ತಿದವರು ಇಬ್ಬರೇ ಅಂತೆ. ಅವಳು ಎಂದಿನಂತೆ ಅಂಟಿಸಿದಳು, ಟೈಪ್ ಮಾಡಿದಳು, ಸಹಿ ಮಾಡಿಸಿದಳು. ಮೂವತ್ತನೆಯ ದಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇತ್ತು. ವರದಿ ಐದರ ಟಪಾಲಿನ ಚೀಲದಲ್ಲಿತ್ತು, ಅವಳ ಕೈ ಊಟದ ಡಬ್ಬಿಯ ಮೇಲಿತ್ತು. ಆಗ ಒಬ್ಬ ಹೆಂಗಸು ಒಳಗೆ ಬಂದಳು. ಬಿಸಿನೀರಿನಲ್ಲಿ ನೆನೆದು ಅವಳ ಬೆರಳ ತುದಿಗಳು ಸುಕ್ಕಾಗಿದ್ದವು, ಮೈಯಿಂದ ಸೋಪಿನ ವಾಸನೆ ಬರುತ್ತಿತ್ತು.

"ಆಕ್ಷೇಪಣೆ ಇಲ್ಲೇನಾ ಕೊಡೋದು ಮೇಡಂ?"

ಮೇಡಂ ಒಮ್ಮೆ ಟಪಾಲಿನ ಚೀಲದ ಕಡೆ ನೋಡಿದಳು. "ನಿಮಗೆ ಹೇಗೆ ಗೊತ್ತಾಯ್ತು?"

"ನಿಮ್ಮ ಕಚೇರಿ ಪರದೆ ಒಗೆಯೋದು ನಾವೇ ಅಲ್ವಾ. ವಾಪಸ್ ಹಾಕೋಕೆ ಬಂದಾಗ ಆ ಜೆರಾಕ್ಸ್ ಹಿಂದೆ ಸ್ಟೂಲ್ ಹತ್ತಿದ್ದೆ, ಕಣ್ಣಿಗೆ ಬಿತ್ತು. ಆ ಸ್ಟಾಪ್ ಹೋದ್ರೆ ನಾವು ಮಾರ್ಕೆಟ್ ಸ್ಟಾಪ್‌ವರೆಗೆ ಎರಡು ಮೈಲಿ ನಡೀಬೇಕು ಮೇಡಂ. ಹತ್ತು ಗಂಟೆ ನಿಂತೇ ಕೆಲಸ ಮಾಡಿರ್ತೀವಿ."

ನಾಳೆ ಬನ್ನಿ ಎನ್ನುವ ಮಾತು ಮೇಡಂನ ನಾಲಿಗೆಯ ತುದಿಗೆ ಬಂದಿತ್ತು. ಆ ಕಚೇರಿಯಲ್ಲಿ ಅದಕ್ಕಿಂತ ಹೆಚ್ಚು ಬಳಕೆಯಾದ ಮಾತು ಇನ್ನೊಂದಿಲ್ಲ. ಹೆಂಗಸು ಅದನ್ನು ಮುಖದಲ್ಲೇ ಓದಿಕೊಂಡಳು. "ನಾಳೆಗೆ ಮೂವತ್ತೊಂದು ದಿನ ಆಗುತ್ತೆ. ಲೆಕ್ಕ ಹಾಕ್ಕೊಂಡೇ ಬಂದಿದೀನಿ," ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ಕೊಟ್ರೆ ಏನಾದ್ರೂ ಆಗುತ್ತಾ ಮೇಡಂ? ನಮ್ಮ ಮನೆಯವರು ನಗ್ತಿದಾರೆ."

ಹದಿನಾಲ್ಕು ವರ್ಷ ಈ ಪ್ರಶ್ನೆಗೆ ಉತ್ತರ ತನಗೆ ಗೊತ್ತು ಎಂದುಕೊಂಡಿದ್ದ ಮೇಡಂ ಈಗ ತಡವರಿಸಿದಳು. ಬಾಯಿಂದ ಹೊರಬಂದದ್ದು ನಿಜವಾದ ಮಾತು. "ಗೊತ್ತಿಲ್ಲಮ್ಮ. ಇದುವರೆಗೆ ಯಾರೂ ಕೊಟ್ಟೇ ಇಲ್ಲ."

ಕೊಟ್ಟಿದ್ದಾರೆ, ಒಬ್ಬರು ಕೊಟ್ಟಿದ್ದಾರೆ, ನೀನು ಅದನ್ನು ಡ್ರಾಯರ್‌ನಲ್ಲಿ ಮುಚ್ಚಿಟ್ಟಿದ್ದೀಯ ಎಂದು ಒಳಗಿನಿಂದ ಯಾರೋ ಕಿವಿ ಹಿಂಡಿದಂತಾಯಿತು. ಅವಳು ಡಬ್ಬಿ ಪಕ್ಕಕ್ಕಿಟ್ಟು, ಒಣಗಿಹೋಗಿದ್ದ ಮೊಹರಿನ ಪ್ಯಾಡಿಗೆ ನಾಲ್ಕು ಹನಿ ಶಾಯಿ ಹಾಕಿ, ಕಾಗದದ ಮೇಲೆ ಒತ್ತಿದಳು. ರಿಜಿಸ್ಟರಿನಲ್ಲಿ ಒಂದನೇ ನಂಬರ್ ಬರೆದು ರಸೀದಿ ಕೊಟ್ಟಳು. ಟಪಾಲಿನ ಚೀಲದಿಂದ ವರದಿ ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದಳು.

"ಇದನ್ನ ವಾಪಸ್ ತಗೋಬೇಕು ಸರ್. ಒಂದು ಆಕ್ಷೇಪಣೆ ಬಂದಿದೆ. ವರದಿ ನಾನು ತಿಂಗಳ ಹಿಂದೇನೇ ಟೈಪ್ ಮಾಡಿದ್ದೆ, ತಪ್ಪು ನಂದು."

ಸಾಹೇಬರ ಮುಖ ಕೆಂಪಾಯಿತು. "ತಿಂಗಳ ಹಿಂದೇನಾ? ಸಹಿ ಯಾರು ಹಾಕಿದ್ದು?"

"ನೀವೇ ಸರ್. ಅವತ್ತೇ."

ಬೈಯಲು ತೆರೆದ ಬಾಯನ್ನು ಸಾಹೇಬರು ಹಾಗೇ ಮುಚ್ಚಿಕೊಂಡರು. ಕ್ಯಾಲೆಂಡರ್ ಎಳೆದುಕೊಂಡು, "ಸರಿ, ಬುಧವಾರ ಹನ್ನೊಂದಕ್ಕೆ ವಿಚಾರಣೆ ಇಡಿ," ಎಂದರು.

ಹನ್ನೊಂದಕ್ಕೆ ಲಾಂಡ್ರಿಯವರು ಒದ್ದೆ ಚಾದರಗಳ ನಡುವೆ ಇರುತ್ತಾರೆ, ಬಂದರೆ ಆ ದಿನದ ಕೂಲಿ ಹೋಯಿತು. ಮೇಡಂ ಆ ರಾತ್ರಿ ಊಟದ ಮೊದಲು ನಿಯಮದ ಪುಸ್ತಕ ಬಿಡಿಸಿ ಕೂತಳು. ಕೆಲಸಕ್ಕೆ ಸೇರಿದ ದಿನ ಕೊಟ್ಟದ್ದು, ಕೆಲವು ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅಂಥ ಒಂದು ಹಾಳೆಯಲ್ಲಿತ್ತು: ಆಕ್ಷೇಪಿಸಿದವರಿಗೆ ಅನುಕೂಲವಾದ ಸ್ಥಳದಲ್ಲಿ, ಅನುಕೂಲವಾದ ವೇಳೆಗೆ ವಿಚಾರಣೆ ನಡೆಸತಕ್ಕದ್ದು. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅತ್ತೆಗೆ ಅದನ್ನು ಎರಡು ಸಲ ಓದಿ ಹೇಳಿದಳು.

ಅದೇ ನಿಯಮದ ಪ್ರಕಾರ ಬುಧವಾರ ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷ ಇರುವಾಗ ಸಾಹೇಬರು ಕಿವಿಗೆ ಮಫ್ಲರ್ ಸುತ್ತಿಕೊಂಡು, ಸಿಡಿಮಿಡಿಗುಟ್ಟುತ್ತಾ ಬಸ್ ಸ್ಟಾಪಿನಲ್ಲಿ ನಿಂತರು. ಮೊದಲ ಬಸ್ಸಿನಿಂದ ನಲವತ್ತಮೂರು ಜನ ಇಳಿದರು. ಅಷ್ಟರಲ್ಲಿ ಲಾಂಡ್ರಿಯ ಗೇಟು ತೆರೆದು ರಾತ್ರಿ ಪಾಳಿಯವರು ಹೊರಗೆ ಬಂದರು. ಸಾಹೇಬರು ಎಣಿಸುತ್ತಾ ಎಣಿಸುತ್ತಾ ಬಸ್ಸಿನ ಬಾಗಿಲಿಗೆ ಅಡ್ಡ ನಿಂತಿದ್ದರಿಂದ ಕಂಡಕ್ಟರ್ ಅವರ ಭುಜ ತಟ್ಟಿ, "ಯಜಮಾನ್ರೇ, ಹತ್ತೋದಿದ್ರೆ ಹತ್ತಿ, ಇಲ್ಲಾಂದ್ರೆ ದಾರಿ ಬಿಡಿ," ಎಂದ.

"ಸಮೀಕ್ಷೆಯವನು ಎಷ್ಟು ಗಂಟೆಗೆ ಬಂದಿದ್ದ?" ಎಂದು ಸಾಹೇಬರು ಕೇಳಿದರು.

"ಹನ್ನೊಂದಕ್ಕೆ. ಕಚೇರಿ ವೇಳೆಗೆ ಸರ್," ಎಂದಳು ಮೇಡಂ.

ಸಾಹೇಬರು ಕೆಮ್ಮಿ, ಲಾಂಡ್ರಿಯ ಹೆಂಗಸಿನ ಕಾಗದದ ಮೇಲೆಯೇ, ಅಲ್ಲೇ ನಿಂತು ಬರೆದರು: ಸ್ಟಾಪ್ ಮುಂದುವರಿಯಲಿ. ಈ ಸಲ ಓದಿಯೇ ಸಹಿ ಹಾಕಿದರು. ಆ ಹೆಂಗಸು ಕಾಗದವನ್ನು ಕಣ್ಣೆತ್ತರಕ್ಕೆ ಹಿಡಿದು ನೋಡಿ, "ನಮ್ಮ ಮನೆಯವರಿಗೆ ಇದರದ್ದೊಂದು ಜೆರಾಕ್ಸ್ ಬೇಕು ಮೇಡಂ," ಎಂದಳು.

ಮೇಡಂ ಕಚೇರಿಗೆ ಬಂದವಳೇ ಡ್ರಾಯರ್ ಎಳೆದಳು. ಅತ್ತೆಯ ಅರ್ಜಿಯ ಮೇಲೆ ಮೊಹರು ಒತ್ತಿ, ಅದನ್ನು ತಾನೇ ರಸ್ತೆ ವಿಭಾಗದ ಇಂಜಿನಿಯರ್ ಕೈಗೆ ಕೊಟ್ಟು, ಸಂಜೆ ರಸೀದಿಯನ್ನು ಮನೆಗೆ ತಂದಳು.

ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. "ಇದರಲ್ಲಿ ಇವತ್ತಿನ ತಾರೀಕಿದೆ."

"ಹೌದು ಅತ್ತೆ."

"ಮತ್ತೆ ಮೂರು ತಿಂಗಳಿಂದ ನಡೀತಿದ್ದ ಪರಿಶೀಲನೆ?"

"ನನ್ನ ಡ್ರಾಯರ್‌ನಲ್ಲಿ ನಡೀತಿತ್ತು," ಎಂದು ಅವಳು ತಲೆ ತಗ್ಗಿಸಿದಳು. "ಏನೂ ಆಗಲ್ಲ ಅಂದ್ಕೊಂಡಿದ್ದೆ. ತಪ್ಪಾಯ್ತು."

ಅತ್ತೆಗೆ ನೋವಾಯಿತು. ತಂಗಿಯ ಮನೆಗೆ ಹೋಗದ ಸಂಜೆಗಳನ್ನು ನೆನೆಸಿಕೊಂಡರು. ಆಮೇಲೆ ಎದ್ದು ಕಾಗದ ಪೆನ್ನು ತಂದು ಬರೆಯತೊಡಗಿದರು. ಬರೆದು ಮುಗಿಸಿ ಸೊಸೆಯ ಮುಂದಿಟ್ಟರು. ಕಚೇರಿಯ ಗುಮಾಸ್ತೆಯೊಬ್ಬರು, ಅವರು ನನ್ನ ಸೊಸೆಯೇ ಆಗಿದ್ದು ಉಳಿದಂತೆ ಬಹಳ ಒಳ್ಳೆಯವರಾದರೂ, ನನ್ನ ಅರ್ಜಿಯನ್ನು ಮೂರು ತಿಂಗಳು ಬಚ್ಚಿಟ್ಟದ್ದರ ಬಗ್ಗೆ ದೂರು.

"ಇದನ್ನ ನಾಳೇನೇ ಕೊಟ್ಬಿಡು," ಎಂದರು. "ಡ್ರಾಯರ್‌ಗೆ ಹಾಕ್ಬೇಡ."

ಮಾರನೆಯ ದಿನ ಮೇಡಂ ತನ್ನ ಮೇಲಿನ ದೂರಿಗೆ ತಾನೇ ಮೊಹರು ಒತ್ತಿ, ನಂಬರ್ ಹಾಕಿ, ಸಾಹೇಬರ ಮೇಜಿನ ಮೇಲಿಟ್ಟಳು. ಪ್ರಕಟಣೆಯ ಫಲಕವನ್ನು ಕಳಚಿ ಹೊರಗೆ, ಜನ ಬಸ್ಸಿಗೆ ಕಾಯುವ ಕಡೆ ಹಾಕಿಸಿದಳು. ಹನ್ನೊಂದು ದಿನಕ್ಕೆ ಮೂಲೆಯ ಚಪ್ಪಡಿಗೆ ಹೊಸ ಸಿಮೆಂಟ್ ಬಿತ್ತು. ಅದು ಒಣಗಿದ ಸಂಜೆ ಅತ್ತೆ ಹೊರಟರು, ಸೊಸೆ ಮೂಲೆಯವರೆಗೆ ಜೊತೆಗೆ ಬಂದಳು. ಚಪ್ಪಡಿಯ ಮೇಲೆ ಎರಡೂ ಕಾಲಿಟ್ಟು ನಿಂತು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತೂಗಿ ನೋಡಿದರು. ಸದ್ದಿಲ್ಲ.

"ನನ್ನ ಎರಡನೇ ಅರ್ಜಿ ಎಲ್ಲಿಗೆ ಬಂತು?" ಎಂದು ಅಲ್ಲೇ ನಿಂತು ಕೇಳಿದರು.

"ಪರಿಶೀಲನೇಲಿದೆ ಅತ್ತೆ. ಈ ಸಲ ನಿಜವಾಗ್ಲೂ. ಸಾಹೇಬರು ವಿಚಾರಣೆ ಇಡ್ತಾರಂತೆ. ನಿಮಗೆ ಅನುಕೂಲವಾದ ಸ್ಥಳ, ವೇಳೆ ಕೇಳಿದಾರೆ."

ಅತ್ತೆ ಯೋಚಿಸಿದರು. "ನಮ್ಮ ಅಡುಗೆಮನೆಯಲ್ಲೇ ಇಡೋಕೆ ಹೇಳು. ಭಾನುವಾರ, ನೀನು ಪಾತ್ರೆ ತೊಳೀತಿರೋವಾಗ," ಎಂದು ಹೇಳಿ, ಸೊಸೆ ಚಾಚಿದ ಕೈಯನ್ನು ಬೇಡವೆಂದು ಸರಿಸಿ, ತಂಗಿಯ ಮನೆಯ ಕಡೆಗೆ ನಡೆದರು.