ದಮ್ಮಾಮಿನಿಂದ ನಾಲ್ಕೂಕಾಲು ಗಂಟೆ

ಮಗಳು ಅಸೀಲಾಳ ಶಾಲೆಯ ವ್ಯಾನು ಸೌದಿಯ ಥುಕ್ಬಾದ ಓಣಿ ದಾಟಿದ ಮೇಲೆಯೇ ಗಂಡ ಫಾರೂಕ್ ತನ್ನ ಕೆಲಸದ ಊರು ಯಾನ್ಬುವಿನಿಂದ ಫೋನ್ ಮಾಡಿದ. ಜಸ್ನಾ ನೀರುದೋಸೆಯ ಕಾವಲಿ ತೊಳೆಯುತ್ತಿದ್ದಳು. ಊರಿನಲ್ಲಿ ಅವಳ ತಾಯಿ, ಉಮ್ಮ, ತೀರಿಹೋಗಿ ಆಗಲೇ ನಾಲ್ಕು ಗಂಟೆ ಕಳೆದಿತ್ತು.

ಸಾವಿನ ಸುದ್ದಿಯನ್ನು ಮೊದಲು ಗಂಡನಿಗೆ ತಿಳಿಸುವುದು, ಅವನು ಹೊತ್ತು ನೋಡಿ ಹೆಂಡತಿಗೆ ಹೇಳುವುದು ಅವರಲ್ಲಿ ನಡೆದುಬಂದದ್ದು. ಅವಳು ಕಾಕ ಎಂದು ಕರೆಯುವ ಅಣ್ಣ ಅಬ್ದುಲ್ ಹಮೀದ್ ಹಾಗೆಯೇ ಮಾಡಿದ್ದ. ಸಿಂಕಿನ ಅಂಚು ಹಿಡಿದು ನಿಂತ ಜಸ್ನಾ ಅಳು ಬರುವ ಮೊದಲೇ ಕೇಳಿದಳು:

“ದಫನಿಗೆ ಮಯ್ಯತ್ ತೆಗೆಯುದು ಎಷ್ಟು ಹೊತ್ತಿಗೆ?”

“ಮಧ್ಯಾಹ್ನ, ಲುಹರ್ ನಮಾಝ್ ಆದ ಮೇಲೆ. ಜಸ್ನಾಳಿಗೆ ಕಾಯ್ಬೇಡಿ ಅಂತ ನಾನೇ ಹಮೀದಾಕನಿಗೆ ಹೇಳಿದೆ. ಮೊಬೈಲಲ್ಲಿ ನೋಡಿದೆ, ಮಂಗಳೂರಿಗೆ ಹದಿನೇಳು ಗಂಟೆ. ಎರಡು ಕಡೆ ಇಳಿದು ಹತ್ಬೇಕು.”

“ಎಲ್ಲಿಂದ ಹದಿನೇಳು?”

“ಎಲ್ಲಿಂದ ಅಂದ್ರೆ? ಇಲ್ಲಿಂದ.”

“ಅಲ್ಲಿಂದ! ಯಾನ್ಬುವಿಂದ! ನಾನು ಎಲ್ಲಿದ್ದೇನೆ ಮಾರಾಯ್ರೇ? ಆರು ವರ್ಷದಿಂದ ನಿಮ್ಮ ಮಗಳ ಶಾಲೆಗೆ ಅಂತ ಥುಕ್ಬಾದಲ್ಲಿ ಕೂತಿದ್ದೇನಲ್ಲ! ಇಲ್ಲೇ ಪಕ್ಕದ ದಮ್ಮಾಮಿಂದ ನೇರ ವಿಮಾನ ಉಂಟು. ನಾಲ್ಕೂಕಾಲು ಗಂಟೆ.”

ಅವನು ಕೆಂಪು ಸಮುದ್ರದ ದಡದಲ್ಲಿ, ಅವಳು ಈಚೆ ಪೂರ್ವದ ಕಡಲ ದಡದಲ್ಲಿ. ನಡುವೆ ಇಡೀ ಒಂದು ದೇಶ. ಮೊಬೈಲು ಅವನು ನಿಂತಲ್ಲಿಂದ ದಾರಿ ಅಳೆದಿತ್ತು. ಅದೇ ಅವಳ ದಾರಿಯೆಂದು ಅವನು ಊರಿಗೆ ತೀರ್ಪು ಕೊಟ್ಟಿದ್ದ.

“ಹನ್ನೊಂದಕ್ಕೆ ವಿಮಾನ. ಟಿಕೆಟ್ ನಾನು ಮಾಡ್ತೇನೆ. ರೀ-ಎಂಟ್ರಿ ನೀವೇ ಹಾಕ್ಬೇಕು, ಈಗ್ಲೇ ಹಾಕಿ,” ಎಂದು ಫೋನ್ ಇಟ್ಟಳು. ಆ ಪರವಾನಗಿಯನ್ನು ಗಂಡ ಹಾಕದೆ ಅವಳು ದೇಶ ದಾಟುವಂತಿರಲಿಲ್ಲ.

ಊರಿಗೆ ಫೋನ್ ಮಾಡಿದರೆ ಹಮೀದ್, “ಎಂತ ಮಾಡುದು ಜಸ್ನಾ, ಮಸೀದಿ ಮೈಕಲ್ಲಿ ಹೇಳಿ ಆಯ್ತು. ಮಯ್ಯತ್ ತಡ ಮಾಡ್ಲಿಕ್ಕಿಲ್ಲ. ಎಲ್ಲರೂ ಮುಖ ನೋಡಿ ಆಯ್ತು,” ಎಂದ.

“ಎಲ್ಲರೂ ಅಂದ್ರೆ ಯಾರು ಕಾಕ? ಉಮ್ಮನಿಗೆ ಇದ್ದ ಮಗಳು ನಾನೊಬ್ಬಳೇ.”

“ಫಾರೂಕ್ ಹೇಳಿದ್ದು...”

“ನಮ್ಮ ಉಪ್ಪ ತೀರಿದಾಗ ತಮ್ಮ ನೂರುದ್ದೀನ್ ಬರ್ಲಿ ಅಂತ ಮರುದಿನದವರೆಗೆ ಐಸಿಟ್ಟು ಕಾದದ್ದು ಯಾರು? ಆಗ ಯಾರ ಮೊಬೈಲಲ್ಲಿ ನೋಡಿದ್ರಿ? ತಮ್ಮ ಬರುವಾಗ ತಡ ಅಲ್ಲ, ನಾನು ಬರುವಾಗ ತಡವಾ? ಮೈಕಲ್ಲಿ ಹೇಳಿದ್ದಲ್ವಾ, ಮೈಕಲ್ಲೇ ತಿದ್ದಿ. ಇಂಡಿಯಾ ಟೈಮ್ ಐದೂ ಮುಕ್ಕಾಲಿಗೆ ಬಜ್ಪೆ ಏರ್‌ಪೋರ್ಟಲ್ಲಿ ಇಳಿತೇನೆ. ಏಳರೊಳಗೆ ಮನೆ.”

ಹಮೀದ್ ಯಾರೊಡನೆಯೋ ಪಿಸುಗುಟ್ಟಿದ. ಯಾರೋ ಹಿರಿಯರು ಕೆಮ್ಮಿದರು. ಕೊನೆಗೆ ಅವನೇ, “ರಾತ್ರಿ ಇಶಾ ನಮಾಝಿಗೆ ಇಡ್ತೇವೆ. ಅದರ ಮೇಲೆ ಆಗ್ಲಿಕ್ಕಿಲ್ಲ,” ಎಂದ.

ಅಸೀಲಾಳನ್ನು ನೋಡಿಕೊಳ್ಳಲು ಪಕ್ಕದ ಮನೆಯ ರುಕಯ್ಯಾಳಿಗೆ ಹೇಳಿ, ಪಾಸ್‌ಪೋರ್ಟು ಚೀಲಕ್ಕೆ ತುರುಕಿ ಟ್ಯಾಕ್ಸಿ ಹತ್ತುವಷ್ಟರಲ್ಲಿ ರೀ-ಎಂಟ್ರಿಯ ಮೆಸೇಜ್ ಬಂತು. ಹಿಂದೆಯೇ ಫಾರೂಕನ ಫೋನು.

“ಕೋಪ ಮಾಡ್ಬೇಡ ಜಸ್ನಾ. ನೀನು ಓಡಾಡಿ ಸುಸ್ತಾಗುದು ಬೇಡ ಅಂತ ನಾನು...”

“ಕೋಪ ಹಾಗೇ ಇರ್ಲಿ, ಬಂದ ಮೇಲೆ ಮಾತಾಡುವಾ. ಈಗ ಫೋನ್ ಇಡಿ. ನನಗೆ ಉಮ್ಮನಿಗೋಸ್ಕರ ಅಳ್ಲಿಕ್ಕೆ ಉಂಟು.”