ಕಾಕಂಬಿ ಕಥೆಯ ಉಳಿದರ್ಧ

ಸೋಮವಾರ ಮಧ್ಯಾಹ್ನ ಊಟದ ಬೆಲ್ಲು ಹೊಡೆದಾಗ ಡಬ್ಬಿ ಹಿಡಿದು ಹೊರಗೆ ಬಂದ ಮಮತ ಹಾಗೇ ನಿಂತುಬಿಟ್ಟಳು. ಕಾಕಂಬಿ ಟ್ಯಾಂಕಿಗೆ ಹೊಸ ಬಣ್ಣ ಬಳಿದಿದ್ದರು. ಅದೂ ಎಂಥ ಬಣ್ಣ ಅಂತೀರಿ! ಕಾಕಂಬಿಯದೇ ಬಣ್ಣ, ಅಚ್ಚ ಕಂದು.

ಬೇರೆ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಬಾಶೆಟ್ಟಿಹಳ್ಳಿಯ ಆ ಪಶು ಆಹಾರದ ಕಾರ್ಖಾನೆಯಲ್ಲಿ ನೆರಳು ಅಂತ ಇದ್ದದ್ದು ಎರಡೇ ಕಡೆ. ಗೇಟಿನ ಹತ್ತಿರ ಒಂದು ಹೊಂಗೆ ಮರ, ಹಿಂದುಗಡೆ ಈ ಟ್ಯಾಂಕು. ಹೆಂಗಸರೆಲ್ಲ ಹೋಗುತ್ತಿದ್ದದ್ದು ಟ್ಯಾಂಕಿನ ಬುಡಕ್ಕೇ. ಕಾಕಂಬಿ ಅಂದರೆ ಸಕ್ಕರೆ ತೆಗೆದಮೇಲೆ ಉಳಿಯುವ ಕಂದುಗಪ್ಪು ಪಾಕ, ಹಿಂಡಿ ಬೂಸಕ್ಕೆ ಬೆರೆಸಲು ತರಿಸುತ್ತಿದ್ದರು. ಟ್ಯಾಂಕೋ, ಎಲ್ಲೋ ಮುಚ್ಚಿಹೋದ ಕಾರ್ಖಾನೆಯಿಂದ ಬಿಚ್ಚಿ ತಂದು ಬೋಲ್ಟು ಬಿಗಿದು ನಿಲ್ಲಿಸಿದ್ದು. ನಿಲ್ಲಿಸಿದ ದಿನದಿಂದಲೇ ಸೋರುತ್ತಿತ್ತು. ಸೋರುವ ಒಂದೊಂದು ಸಂದಿಗೂ ಒಬ್ಬೊಬ್ಬರ ಕ್ಯಾನು. ಸಂಜೆ ಮನೆಗೆ ಒಯ್ದು ಒಣಹುಲ್ಲಿಗೆ ಚಿಮುಕಿಸಿದರೆ ಹಸು ಒಂದು ಕಡ್ಡಿ ಬಿಡದೆ ಮೇಯುತ್ತಿತ್ತು. ಇಂಥ ಸೋರಿಕೆಯ ಮೇಲೆ ಯಾರು ದೂರು ಕೊಟ್ಟಾರು? ಸೂಪರ್‌ವೈಸರ್ ಗೋವಿಂದರಾಜುವಿನ ಕ್ಯಾನೇ ಎಲ್ಲರದಕ್ಕಿಂತ ದೊಡ್ಡದು.

ಮಮತ ಮೂಟೆ ಹೊಲಿಯುವವಳು. ಬೆಳಿಗ್ಗೆ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾವ್ಯಾವುದೋ ದೇಶದ, ಯಾರೂ ಕೇಳದ ಹಳೇ ಸಂಗತಿಗಳನ್ನು ಕೇಳುತ್ತಾ ಬರುವಳು. ಊಟದ ಹೊತ್ತಿಗೆ ಅದಕ್ಕೆ ಉಪ್ಪುಖಾರ ಹಚ್ಚಿ ಹೇಳುವಳು. ಒಳ್ಳೇ ಘಟ್ಟಕ್ಕೆ ಬಂದಾಗ "ಉಳಿದದ್ದು ನಾಳೆ" ಅಂತ ಡಬ್ಬಿ ಮುಚ್ಚಿ ಎದ್ದುಬಿಡುವಳು. ಎಲ್ಲರೂ ಬೈಯುವರು. ಆ ಬೈಗುಳ ಕೇಳುವುದರಲ್ಲೇ ಅವಳಿಗೆ ಖುಷಿ.

ಶನಿವಾರ ಹೇಳಿದ್ದು ಅಮೆರಿಕದ ಬಾಸ್ಟನ್ ಊರಿನ ಕಥೆ. ನೂರು ವರ್ಷ ದಾಟಿದ ಮಾತು. ಅಲ್ಲೂ ಒಂದು ಕಾಕಂಬಿ ಟ್ಯಾಂಕು. ಅದೂ ಸೋರುತ್ತಿತ್ತಂತೆ, ಕೇರಿ ಮಕ್ಕಳು ಡಬ್ಬಿ ತಂದು ಹಿಡಿದುಕೊಂಡು ಹೋಗುತ್ತಿದ್ದರಂತೆ. ಕಂಪನಿಯವರು, ಸೋರುವುದು ಕಣ್ಣಿಗೆ ಕಾಣದಿರಲಿ ಅಂತ ಟ್ಯಾಂಕಿಗೇ ಕಂದು ಬಣ್ಣ ಬಳಿಸಿಬಿಟ್ಟರಂತೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಕ್ಯಾನು ನೋಡಲು ಬಂದಿದ್ದ ಗೋವಿಂದರಾಜುವೂ ನಕ್ಕ. "ಉಳಿದದ್ದು ಸೋಮವಾರ" ಅಂತ ಮಮತ ಎದ್ದಿದ್ದಳು.

ಈಗ ಅವಳು ಆಫೀಸಿನ ಬಾಗಿಲಿಗೆ ಓಡಿದಳು. ಗೋವಿಂದರಾಜು ಮುದ್ದೆ ಮುರಿಯುತ್ತಿದ್ದ.

"ಸಾರ್, ಟ್ಯಾಂಕಿಗೆ ಯಾಕ್ ಸಾರ್ ಬಣ್ಣ ಹೊಡ್ಸುದ್ರಿ?"

"ಹೆಂಗೈತೆ? ನಿನ್ ಕಥೆ ಕೇಳೇ ಐಡಿಯಾ ಬಂದಿದ್ದು ಕಣಮ್ಮ!" ಅವನ ಮುಖ ಅರಳಿತು. "ನಾಳೆ ಇನ್ಸ್‌ಪೆಕ್ಷನ್ ಐತಲ್ಲ. ನೆನ್ನೆ ಸಂದಿಗೆಲ್ಲ ಮೇಣ ತುರುಕ್ಸಿ ಬಣ್ಣ ಹೊಡ್ಸಿಬಿಟ್ಟೆ. ಲೋಡೂ ಬಂದಿತ್ತು, ಕುತ್ತಿಗೆಮಟ ತುಂಬ್ಸಿದೀನಿ."

ಇಷ್ಟು ದಿನ ಸೋರುತ್ತದೆ ಅಂತಲೇ ಅರ್ಧಕ್ಕಿಂತ ಮೇಲೆ ತುಂಬಿಸುತ್ತಿರಲಿಲ್ಲ.

"ಸಾರ್, ಕಥೇಲಿರೋ ಆ ಟ್ಯಾಂಕು ಒಡೆದೋಯ್ತು! ಇಪ್ಪತ್ತೊಂದು ಜನ ಸತ್ರು!"

"ನೋಡ್ದಾ, ಶನಿವಾರ ನಗಿಸ್ದೆ, ಇವತ್ತು ಸಾಯಿಸ್ತೀಯ. ಹೋಗು, ಊಟ ಮಾಡೋಗು."

ಅಯ್ಯೋ ಇವನ ಮನೆ ಹಾಳಾಗ! ಅಂದುಕೊಂಡಳು, ಮರುಕ್ಷಣವೇ ಹಾಳು ಮಾಡಿದವಳು ತಾನೇ ಅನ್ನಿಸಿತು. ಅರ್ಧ ಕಥೆಯಿಂದ ಅವನು ಬಣ್ಣ ಕಲಿತಿದ್ದ. ಉಳಿದರ್ಧ ಇದ್ದದ್ದು ಇವಳೊಬ್ಬಳ ಹೊಟ್ಟೆಯಲ್ಲಿ. ಅಷ್ಟರಲ್ಲಿ ಹೆಂಗಸರೆಲ್ಲ ಟ್ಯಾಂಕಿನ ಬುಡದಲ್ಲಿ ಡಬ್ಬಿ ಬಿಚ್ಚಿಕೊಂಡು ಕೂತಾಗಿತ್ತು. ಅವರ ನಡುವೆ, ಪೊರಕೆ ಪಕ್ಕದಲ್ಲಿಟ್ಟುಕೊಂಡು, ಕಾರ್ಖಾನೆಯ ಕಸ ಗುಡಿಸುವ ಮುನಿತಾಯಮ್ಮ. ಮಮತಳ ಅತ್ತೆ.

ಮಮತ ಟ್ಯಾಂಕಿನ ಹತ್ತಿರ ಬಂದಳು. ಹೊಸ ಬಣ್ಣ ಕೆಳಗಿನ ಸಂದಿಯುದ್ದಕ್ಕೂ ಬಿರುಕು ಬಿಟ್ಟಿತ್ತು. ಒಳಗಿನಿಂದ ನೊರೆ ಗುಳುಗುಳು ಅನ್ನುತ್ತಿತ್ತು. ತಗಡು ಹೊಟ್ಟೆ ಉಬ್ಬಿಸಿಕೊಂಡಂತೆ ಮುಂದಕ್ಕೆ ಬಂದಿತ್ತು. ಹೆದರಿಸಿದರೆ ಗೋವಿಂದರಾಜುವಿನ ಹಾಗೇ ಇವರೂ ನಗುತ್ತಾರೆ ಅಂತ ಅವಳಿಗೆ ಹೊಳೆಯಿತು.

"ಎಲ್ರೂ ಏಳ್ರಿ," ಅಂದಳು, ದನಿ ನಡುಗದಂತೆ ಹಲ್ಲು ಕಚ್ಚಿ. "ಉಳಿದರ್ಧ ಹೇಳ್ತೀನಿ. ಇಲ್ಲಲ್ಲ, ಹೊಂಗೆ ಮರದ ಕೆಳಗೆ. ಬರ್ದಿದ್ರೆ ಇನ್ಮೇಲೆ ಕಥೆನೇ ಇಲ್ಲ."

"ಏನ್ ಪೊಗರು ಇವ್ಳಿಗೆ!" ಅಂದಳು ವಯಸ್ಸಾದ ಅಮ್ಮಯಮ್ಮ. ಆದರೂ ಎದ್ದಳು. ಎರಡು ದಿನದಿಂದ ಕಾದವರಲ್ಲವೇ, ಜೊತೆಗೆ ಮೂಟೆ ಹೊಲಿಯುವ ರೂಪಳೂ ಎದ್ದಳು, ಒಬ್ಬರ ಹಿಂದೆ ಒಬ್ಬರು ಡಬ್ಬಿ ಎತ್ತಿಕೊಂಡು ನಡೆದರು.

ಮುನಿತಾಯಮ್ಮ ಮಾತ್ರ ಏಳಲಿಲ್ಲ. ಸೊಸೆಯ ಕಥೆ ಅಂದರೆ ಆಯಮ್ಮನಿಗೆ ಮೈಯೆಲ್ಲ ಉರಿ. ಮೇಣ ಬಿಟ್ಟುಕೊಂಡ ಕಡೆ ದಾರವಾಗಿ ಇಳಿಯುತ್ತಿದ್ದ ಪಾಕಕ್ಕೆ ಕ್ಯಾನು ಹಿಡಿದು ಕೂತಿದ್ದಳು.

"ಅತ್ತೆ, ಬನ್ನಿ ಅತ್ತೆ. ಕಾಲಿಗೆ ಬೀಳ್ತೀನಿ. ಇದು ಒಡೆಯುತ್ತೆ."

"ಒಡೆಯೋದು ನಿನ್ ತಲೆ. ಕ್ಯಾನು ತುಂಬ್ಲಿ, ಆಮೇಲ್ ನೋಡಣ."

ಮಮತ ರಟ್ಟೆ ಹಿಡಿದು ಎಳೆದಳು. ಮುನಿತಾಯಮ್ಮ ಕೂತಲ್ಲಿಂದಲೇ ಒಂದು ಸಲ ಕೊಡವಿದಳು, ಮಮತ ಎರಡು ಮಾರು ಆಚೆ ಹೋಗಿ ಬಿದ್ದಳು. ಮೇಲೆ ಎಲ್ಲೋ ಠಣ್ ಅಂತ ಸದ್ದಾಯಿತು. ಒಂದು ಬೋಲ್ಟು ಹಾರಿ ಗೋಡೌನಿನ ಶೀಟಿಗೆ ಬಡಿಯಿತು. "ಯಾವನ್ಲಾ ಅವ್ನು ಕಲ್ಲು ಹೊಡಿಯೋನು?" ಅಂತ ಮುನಿತಾಯಮ್ಮ ಗೋಡೆಯಾಚೆಗೆ ಕೂಗಿದಳು.

ಬಾಸ್ಟನ್‌ನಲ್ಲೂ ಮೊದಲು ಕೇಳಿದ್ದು ಇದೇ ಸದ್ದು. ಮಮತಳಿಗೆ ಅಳು ಬಂತು. ಅಂಗಲಾಚಿದರೆ ಈ ಹೆಂಗಸು ಏಳುವವಳಲ್ಲ, ಎಳೆದರೂ ಏಳುವವಳಲ್ಲ. ಕೋಪ ಬಂದರೆ ಮಾತ್ರ ಸಾಕ್ಷಾತ್ ಮಾರಿ. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಬಾಯಿಗೆ ತಾರದ ಅತ್ತೆಯ ಹೆಸರನ್ನು ಮಮತ ಅಷ್ಟು ಜನರ ಮುಂದೆ ಕಿರುಚಿದಳು.

"ಏ ಮುನಿತಾಯಿ!"

ಹೊಂಗೆ ಮರದ ಕಡೆ ನಡೆಯುತ್ತಿದ್ದ ಹೆಂಗಸರು ಗಕ್ಕನೆ ನಿಂತರು. ಮುನಿತಾಯಮ್ಮ ಕ್ಯಾನಿನಿಂದ ತಲೆ ಎತ್ತಿದಳು.

"ಡೈರಿ ಹಾಲಿಗೆ ನೀರು ಹುಯ್ಯೋಳು ನೀನು! ದಿನಾ ಬೆಳಿಗ್ಗೆ ತೊಟ್ಟಿ ಹತ್ರ ನಿಂತ್ಕಂಡು ಚೆಂಬಲ್ಲಿ ಬೆರೆಸೋದು ನಾನೇ ಕಂಡಿದೀನಿ! ಇಲ್ಲಿ ಮಾತ್ರ ದೊಡ್ಡ ಸತ್ಯವಂತೆ!"

ಊರಿನ ಡೈರಿಯಲ್ಲಿ ಮುನಿತಾಯಮ್ಮನ ಹಾಲನ್ನು ಪರೀಕ್ಷೆ ಮಾಡದೇ ಸುರಿದುಕೊಳ್ಳುತ್ತಿದ್ದರು. ಗಂಡ ಸತ್ತ ಮೇಲೆ ಅವಳು ತಲೆ ಎತ್ತಿಕೊಂಡು ಓಡಾಡಿದ್ದು ಆ ಒಂದು ಮಾನದ ಮೇಲೆ. ಕ್ಯಾನು ಕೆಳಕ್ಕೆ ಬಿತ್ತು. ಪೊರಕೆ ಕೈಗೆ ಬಂತು.

"ಏನಂದೇ? ಏನಂದೇ ನೀನು?"

"ನೀರ್ ಹಾಲಿನ ಮುನಿತಾಯಿ ಅಂದೆ!" ಮಮತ ಹಿಂದಕ್ಕೆ ಹೆಜ್ಜೆ ಹಾಕಿದಳು. ಇನ್ನೊಂದು ಬೋಲ್ಟು ಹಾರಿತು. "ಬಾ, ಬಾರೇ ಹೊಡಿ! ಕೈಲಾಗುತ್ತಾ ನಿಂಗೆ?"

ಮುನಿತಾಯಮ್ಮ ಸೀರೆ ಎತ್ತಿ ಸಿಕ್ಕಿಸಿಕೊಂಡು ಓಡಿಬಂದಳು. ಮಮತ ಗೇಟಿನ ಕಡೆ ಹಿಮ್ಮುಖವಾಗಿಯೇ ಓಡಿದಳು, ಒಂದು ಕಣ್ಣು ಅತ್ತೆಯ ಮೇಲೆ, ಒಂದು ಕಣ್ಣು ಟ್ಯಾಂಕಿನ ಮೇಲೆ. ಅತ್ತೆಗೆ ಏದುಸಿರು ಬಂದು ನಿಂತಾಗ ಇನ್ನೂ ಹೊಲಸು ಮಾತೊಂದನ್ನು ಎಸೆದಳು. ಮುನಿತಾಯಮ್ಮ ಮತ್ತೆ ನುಗ್ಗಿದಳು, ಜಗಳ ಬಿಡಿಸಲು ಹೆಂಗಸರೆಲ್ಲ ಜೊತೆಗೇ ಓಡಿದರು. ಹೊಂಗೆ ಮರದ ಹತ್ತಿರ ಸೊಸೆಯ ಜುಟ್ಟು ಕೈಗೆ ಸಿಕ್ಕಿತು. ಪೊರಕೆ ಬೆನ್ನಿಗೆ ರಪ್ಪನೆ ಬಿತ್ತು, ಮತ್ತೆ ಬಿತ್ತು. ಮಮತ ತಪ್ಪಿಸಿಕೊಳ್ಳಲಿಲ್ಲ. ಅತ್ತೆಯ ಸೊಂಟವನ್ನೇ ತಬ್ಬಿ ಹಿಡಿದುಕೊಂಡಳು.

ಆಗ ಬೋಲ್ಟುಗಳು ಸರಪಟಾಕಿಯಂತೆ ಹಾರಿದವು.

ಟ್ಯಾಂಕು ಬುಡದಿಂದ ಬಾಯಿಬಿಟ್ಟಿತು. ಆಳೆತ್ತರದ ಕಪ್ಪು ಗೋಡೆಯೊಂದು ಎದ್ದು ಬಂದು, ಕ್ಯಾನುಗಳನ್ನೂ ಕಲ್ಲುಬೆಂಚನ್ನೂ ಹೊತ್ತುಕೊಂಡು ಕಾಂಪೌಂಡಿಗೆ ಗುದ್ದಿ ಅದನ್ನೂ ಬೀಳಿಸಿತು. ಹೊಂಗೆ ಮರದ ಹತ್ತಿರ ಬರುವಷ್ಟರಲ್ಲಿ ಅದರ ಸೊಕ್ಕು ಇಳಿದು, ಎಲ್ಲರ ಕಾಲುಗಳನ್ನು ಮೊಣಕಾಲಿನವರೆಗೆ ಹಿಡಿದು ನಿಂತಿತು. ಆಫೀಸಿನ ಬಾಗಿಲಲ್ಲಿ ಗೋವಿಂದರಾಜು ಮುದ್ದೆಯ ಕೈ ಹಾಗೇ ಹಿಡಿದು ನಿಂತಿದ್ದ.

ಮುನಿತಾಯಮ್ಮ ತಿರುಗಿ ನೋಡಿದಳು. ತಾನು ಕೂತಿದ್ದ ಜಾಗದ ಮೇಲೆ ಟ್ಯಾಂಕಿನ ತಗಡು ಬೋರಲು ಬಿದ್ದಿತ್ತು. ಎತ್ತಿದ್ದ ಪೊರಕೆ ಮೆಲ್ಲಗೆ ಕೆಳಗಿಳಿಯಿತು.

"ಆ ಊರಲ್ಲೂ ಹಿಂಗೇ ಆಯ್ತಾ?"

"ಹೂಂ ಅತ್ತೆ."

"ಶನಿವಾರಾನೇ ಪೂರ್ತಿ ಹೇಳಕ್ಕೆ ನಿಂಗೇನೇ ಬಂದಿತ್ತು ರೋಗ?"

ಮಮತ ನಾಚಿಕೆಯಿಂದ ತಲೆ ಎತ್ತಲಾರದೆ ಬಿಕ್ಕಿ ಬಿಕ್ಕಿ ಅತ್ತಳು. "ಹಾಲಿನ ಮಾತು ಸುಳ್ಳು ಅತ್ತೆ. ನಿಮ್ಮನ್ನ ಎಬ್ಬಿಸಕ್ಕೆ ಅಂದಿದ್ದು. ನಾಳೆ ಎಲ್ಲರ ಮುಂದೆ ಹೇಳ್ತೀನಿ."

ಮುನಿತಾಯಮ್ಮ ಅವಳ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಾಳೆ ಯಾಕೆ? ಎಲ್ರೂ ಇಲ್ಲೇ ಅವ್ರಲ್ಲ," ಅಂದಳು. "ಈಗ್ಲೇ ಹೇಳು. ಪೂರ್ತಿ ಹೇಳು."