ಕೆಂಪು ಬಟ್ಟೆಯೊಳಗಿನ ಪಾತಾಳದ ಸೊಸೆ

ತನ್ನ ಕಾದಂಬರಿಯ ಮೊದಲ ಮುದ್ರಣ ಖಾಲಿಯಾಯಿತು ಎಂದು ಮುರಗೆಪ್ಪ ಹೇಳಿದಾಗ ಬ್ರಾಹ್ಮಿಗೆ ನಂಬಿಕೆಯೇ ಬರಲಿಲ್ಲ. ಚಿಕ್ಕೋಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಛಾಪಖಾನೆ. ಲಗ್ನಪತ್ರಿಕೆ, ಸೊಸೈಟಿಗಳ ಪಾವತಿ ಪುಸ್ತಕ, ಚುನಾವಣೆ ಬಂತೆಂದರೆ ಕರಪತ್ರ. ಇವುಗಳ ನಡುವೆ ವರ್ಷಕ್ಕೊಂದು ಕಾದಂಬರಿಯನ್ನೂ ಹೊರತರುವ ಹುಚ್ಚು ಅವರಿಗೆ ಹೇಗೋ ಅಂಟಿಕೊಂಡಿತ್ತು.

"ಒಂದೂ ಉಳದಿಲ್ಲೇನ್ರಿ ಕಾಕಾ?"

"ಒಂದೂ ಇಲ್ಲವಾ. ನನಗಂತ ಎತ್ತಿಟ್ಟಿದ್ದೂ ಹೋತು. ಲಗ್ನಪತ್ರಿಕಿ ಬಿಟ್ರ ನಮ್ಮ ಛಾಪಖಾನ್ಯಾಗ ಹಿಂಗ ಖಾಲಿ ಆಗಿದ್ದು ನಿನ್ನ 'ಪಾತಾಳದ ಸೊಸಿ' ಒಂದ ನೋಡು. ಕಾಗವಾಡದ ಕಡೆ ಭಾಳ ಓಡೇತಿ."

"ಕಾಗವಾಡದಾಗ ಯಾರು ಓದ್ಯಾರ್ರಿ?"

ಮುರಗೆಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. "ಓದೋರು ಓದ್ಯಾರ. ನೀ ಎರಡನೇದು ಲಗೂ ಮುಗಿಸಿ ಕೊಡು. ಮಳಿಗಾಲದಾಗ ಅಚ್ಚಿಗೆ ಹಾಕೂಣು."

ತನ್ನೂರು ಏಕಸಂಬಿಗೆ ಹೊರಟ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತ ಬ್ರಾಹ್ಮಿಗೆ ಕಾಗವಾಡವೆಲ್ಲ ಕಾಣತೊಡಗಿತು. ಕಟ್ಟೆಕಟ್ಟೆಯ ಮೇಲೆ ಹೆಂಗಸರು, ಅವರ ತೊಡೆಯ ಮೇಲೆ ತನ್ನ ಪುಸ್ತಕ. ಒಬ್ಬಾಕೆ ಒಲೆಯ ಮೇಲೆ ಹಾಲಿಟ್ಟು ಓದುತ್ತಿದ್ದಾಳೆ, ಹಾಲು ಉಕ್ಕುತ್ತಿದೆ. ಬಸ್ಸು ಗುಂಡಿಗೆ ಬಿದ್ದೆದ್ದಾಗಲೇ ಅವಳು ಎಚ್ಚೆತ್ತದ್ದು.

ಆ ಪುಸ್ತಕ ಇಲ್ಲಿಗೆ ಬಂದು ಮುಟ್ಟಿದ್ದೇ ಒಂದು ಪುರಾಣ. ಗ್ರೀಕರ ಧಾನ್ಯದೇವಿ ಡಿಮೀಟರ್. ಅವಳ ಮಗಳು ಪರ್ಸೆಫೊನಿಯನ್ನು ಪಾತಾಳದ ದೊರೆ ಹೊತ್ತೊಯ್ಯುತ್ತಾನೆ. ತಾಯಿ ಕಂಗೆಟ್ಟು ಕೂತರೆ ಭೂಮಿಯಲ್ಲಿ ಒಂದು ಕಾಳೂ ಮೊಳೆಯುವುದಿಲ್ಲ. ಕಡೆಗೆ ಮಗಳನ್ನು ಬಿಡುವುದೆಂದು ತೀರ್ಮಾನವಾಗುತ್ತದೆ. ಆದರೆ ಅವಳು ಅಲ್ಲಿ ನಾಲ್ಕು ದಾಳಿಂಬೆ ಕಾಳು ತಿಂದುಬಿಟ್ಟಿದ್ದಾಳೆ, ಆ ಮನೆಯ ಅನ್ನದ ಋಣ. ಹಾಗಾಗಿ ವರ್ಷದಲ್ಲಿ ಅರ್ಧ ತಾಯಿಯ ಬಳಿ, ಅರ್ಧ ಪಾತಾಳದಲ್ಲಿ. ಕಾಲೇಜಿನಲ್ಲಿ ಓದಿದ ಈ ಕಥೆ ಬ್ರಾಹ್ಮಿಯ ಬೆನ್ನು ಬಿಡಲಿಲ್ಲ, ಬರೆದಳು. ಬೆಂಗಳೂರಿನ ಒಬ್ಬ ಪ್ರಕಾಶಕರು, ನಮ್ಮ ಪುರಾಣದ ಹೆಣ್ಣುಗಳಿದ್ದರೆ ಕೊಡಿ ಎಂದರು. ಇನ್ನೊಬ್ಬರು, ಹೆಸರುಗಳಿಗೆ ನಾಲಿಗೆ ಹೊರಳುವುದಿಲ್ಲ ಎಂದರು. ಮೂರನೆಯವರು ಏನೂ ಅನ್ನಲೇ ಇಲ್ಲ. ಕಡೆಗೆ ಮುರಗೆಪ್ಪ ಕೈಹಿಡಿದರು. ಪುಸ್ತಕ ಬಂದ ಹೊಸತರಲ್ಲಿ ನಿಪ್ಪಾಣಿಯ ಅಂಗಡಿಯೊಂದಕ್ಕೆ ಹೋಗಿ ನೋಡಿದರೆ ಅದು ಅಡುಗೆ ಪುಸ್ತಕಗಳ ನಡುವೆ ಕೂತಿತ್ತು. ಮುಖಪುಟದ ಮೇಲೆ ದಾಳಿಂಬೆ ಇತ್ತಲ್ಲ.

ಓದಿದೆನೆಂದು ಮಾತ್ರ ಇಂದಿನವರೆಗೆ ಒಬ್ಬರೂ ಹೇಳಿರಲಿಲ್ಲ. ಕೈಮುಗಿದ ಚಿತ್ರ, ಹೂಗುಚ್ಛದ ಚಿತ್ರ, "ಅಭಿನಂದನೆಗಳು" ಎಂಬ ಸಂದೇಶ, ಅಷ್ಟೇ.

ಅವಳಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ, ಒಂದು "ಹೂಂ." ಚಿಕ್ಕಂದಿನಲ್ಲಿ ಅಜ್ಜಿ ರಾಜಮತಿ, ಮನೆಯವರೆಲ್ಲರ ಬಾಯಲ್ಲಿ ಆಯಿ, ಅವರೆಕಾಯಿ ಬಿಡಿಸುತ್ತ ಕಥೆ ಹೇಳುವಾಗ ಒಂದು ಕರಾರು ಹಾಕುತ್ತಿದ್ದಳು: ಕೇಳುವವರು ಹೂಂಗುಡಬೇಕು. ಹೂಂ ನಿಂತಿತೋ, ಕಥೆಯೂ ನಿಂತಿತು. ರಾಜಕುಮಾರಿ ಹಾವಿನ ಹುತ್ತದ ಬಾಯಲ್ಲಿ ಇದ್ದಲ್ಲೇ ಇರುತ್ತಿದ್ದಳು. ಪುಸ್ತಕ ಬರೆದ ಮೇಲೆ ಬ್ರಾಹ್ಮಿಗೆ ಎಷ್ಟೋ ಸಲ ಅನಿಸಿತ್ತು, ತಾನು ಕತ್ತಲ ಕೋಣೆಯಲ್ಲಿ ಕಥೆ ಹೇಳುತ್ತಿದ್ದೇನೆ, ಹೂಂಗುಡುವವರು ಎದ್ದು ಹೋಗಿದ್ದಾರೋ ಏನೋ. ಎರಡನೆಯ ಕಾದಂಬರಿಯೂ ಮುಗಿದಿತ್ತು. ಯುದ್ಧಕ್ಕೆ ಹೋದ ಗಂಡನ ದಾರಿ ಕಾಯುತ್ತ, ಹಗಲು ನೇಯ್ದದ್ದನ್ನು ಇರುಳು ಬಿಚ್ಚುವ ರಾಣಿಯ ಕಥೆ. ಕೊಡಲು ಧೈರ್ಯ ಸಾಲದೆ ಚೀಲದಲ್ಲಿ ಹೊತ್ತು ತಿರುಗುತ್ತಿದ್ದಳು. ಇಂದು ಆ ಧೈರ್ಯ ಬಂತು. ಶ್ರುತಪಂಚಮಿಗೆ ಕಾಗವಾಡಕ್ಕೆ ಹೋಗುವುದು, ಓದಿದವರನ್ನು ಕಣ್ಣಾರೆ ನೋಡುವುದು, ಬರುವಾಗ ಚಿಕ್ಕೋಡಿಗೆ ಇಳಿದು ಹಸ್ತಪ್ರತಿ ಕೊಟ್ಟುಬಿಡುವುದು.

ಕಾಗವಾಡ ಅವಳ ಸೋದರತ್ತೆಯ ಊರು. ಚಂಪಾ ಆತ್ಯಾ ಎಂದರೆ ಆಯಿಯ ಒಬ್ಬಳೇ ಮಗಳು. ಗಂಡ ಕಾಕಾಸಾಹೇಬರು ದ್ರಾಕ್ಷಿ ಬೆಳೆದು ಊರಲ್ಲಿ ತೂಕದ ಮನುಷ್ಯ. ಆಯಿಯನ್ನು ಕರೆದುಕೊಂಡು ಬ್ರಾಹ್ಮಿ ಬೆಳಿಗ್ಗೆಯೇ ಹೋಗಿ ಇಳಿದಳು.

ಶ್ರುತಪಂಚಮಿಯೆಂದರೆ ಬಾಯಿಂದ ಬಾಯಿಗೆ ಬಂದ ಆಗಮ ಬರಹಕ್ಕಿಳಿದ ದಿನ. ಬಸದಿಯ ಕಪಾಟಿನ ಶಾಸ್ತ್ರಗಳನ್ನೆಲ್ಲ ಹೊರಗೆ ತೆಗೆದು, ಬಿಸಿಲಿಗಿಟ್ಟು, ಹೊಸ ಕೆಂಪು ಬಟ್ಟೆ ಸುತ್ತಿ, ಚೌರಂಗದ ಮೇಲೆ ಜೋಡಿಸಿದ್ದರು. ಹೆಂಗಸರು ಸಾಲಾಗಿ ಬಂದು ಅಕ್ಕಿ ಹಾಕಿ ಕೈಮುಗಿಯುತ್ತಿದ್ದರು.

ಚಂಪಾ ಆತ್ಯಾ ಅವಳ ಕೈ ಹಿಡಿದು ಎಳೆದುಕೊಂಡು ಹೋದಳು. "ನಿನಗ ಒಂದು ತೋರಿಸಬೇಕು. ಬಾ."

ಸಾಲಿನ ತುದಿಯ ಗಂಟೊಂದರ ಬಟ್ಟೆಯನ್ನು ಮೆಲ್ಲಗೆ ಸರಿಸಿದಳು. ಒಳಗೆ ದಾಳಿಂಬೆ. ದಾಳಿಂಬೆಯ ಮೇಲೆ ಗಂಧದ ಬೊಟ್ಟು.

"ನನ್ನ ವ್ರತದ ಉದ್ಯಾಪನಿಗೆ ನಿಮ್ಮ ಮಾಮಾ ಎಲ್ಲಾ ನಿನ್ನ ಪುಸ್ತಕನ ತರಿಸಿದ್ರು," ಎಂದಳು, ದನಿಯಲ್ಲಿ ಹೆಮ್ಮೆ ತುಂಬಿ. ವ್ರತ ಮುಗಿದಾಗ ಧರ್ಮಗ್ರಂಥ ಹಂಚುವುದು ಜೈನರ ರೂಢಿ. "ಮನಿ ಹುಡುಗಿ ಬರದದ್ದು ಇರೂಮುಂದ ಹೊರಗಿಂದ ಯಾಕ ಅಂದ್ರು. ಊರಾಗ ಮನಿಮನಿಗೂ ಶಾಸ್ತ್ರದಾನ ಆತು. ನಿನಗ ಹೇಳಬಾರದು ಅಂದಿದ್ರು, ದಾನ ಹೇಳಿಕೊಂಡ್ರ ಕರಗತೈತಿ ಅಂತ."

ಬ್ರಾಹ್ಮಿಯ ಮನಸ್ಸಿನಲ್ಲಿ ಉಕ್ಕುತ್ತಿದ್ದ ಹಾಲು ಅಲ್ಲೇ ತಣ್ಣಗಾಯಿತು. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದಳು, "ಕಾಕೂ, ನೀವು ಇದನ್ನ ಓದಿದ್ರಿ?"

"ಅಯ್ಯ, ಹಂಗ ಹ್ಯಾಂಗ ಓದಾಕ ಬರತೈತಿ? ಜಳಕಾ ಮಾಡಿ, ಶುದ್ಧ ಸೀರಿ ಉಟ್ಟು, ಪೀಠ ಇಟ್ಟು ತಗೀಬೇಕಲ್ಲ. ನಮ್ಮ ಮನ್ಯಾಗ ದೇವರ ಕೋಣಿಯೊಳಗ ಐತಿ. ದಿನಾ ಅಕ್ಕಿ ಹಾಕತೀನಿ, ಒಂದು ದಿನಾ ತಪ್ಪಿಲ್ಲ."

ಇನ್ನೊಬ್ಬಾಕೆ ನಡುವೆ ಬಾಯಿ ಹಾಕಿದಳು. "ನಮ್ಮ ಸೊಸಿ ಒಮ್ಮೆ ತಗದಿದ್ಳು. ಚಹಾದ ಕಪ್ಪು ಕೈಯಾಗ ಹಿಡಕೊಂಡು. ನಾನ ಬೈದು ಒಳಗ ಇಡಿಸಿದ್ನಿ."

ಹೀಗೆ ಅವಳ ಪುಸ್ತಕ ಊರಿನ ಪ್ರತಿ ಮನೆಯಲ್ಲೂ ಇತ್ತು, ಮತ್ತು ಪ್ರತಿ ಮನೆಯಲ್ಲೂ ಮುಚ್ಚಿತ್ತು. ಚಹಾದ ಕಪ್ಪಿನ ಆ ಸೊಸೆ ಎಷ್ಟು ಪುಟ ಓದಿದ್ದಳೋ ಎಂಬುದೇ ಬ್ರಾಹ್ಮಿಗೆ ಚಿಂತೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಕಾಕಾಸಾಹೇಬರೇ ಮಾತು ತೆಗೆದರು. "ಮುರಗೆಪ್ಪನ ಫೋನ್ ಬಂದಿತ್ತು. ಎರಡನೇದೂ ಮುಗಸಾಕತ್ತೀ ಅಂತಲ್ಲ? ಅಗದಿ ಝಕಾಸ್. ಅವೂ ಎಲ್ಲಾ ನಾನ ತಗೋತೀನಿ. ನಮ್ಮ ಅವ್ವನ ಪುಣ್ಯತಿಥಿಗೆ ಹಂಚೂದು. ಪುಸ್ತಕದ ಮೊದಲ ಪಾನದಾಗ ಅವ್ವಂದೊಂದು ಫೋಟೋ ಹಾಕಸು, ಮುಗೀತು."

"ಮಾಮಾ, ಅದು..." ಬ್ರಾಹ್ಮಿ ತುತ್ತು ಕೆಳಗಿಟ್ಟಳು. "ಅದು ಶಾಸ್ತ್ರ ಅಲ್ರಿ. ಮೊದಲನೇದೂ ಅಲ್ಲ. ಬ್ಯಾರೆ ದೇಶದ ಕಥಿ. ಅದರಾಗ ಒಬ್ಬ ದೇವರು ಹುಡುಗೀನ ಹೊತ್ತಗೊಂಡು ಓಡಿ ಹೋಗ್ತಾನ. ಅದನ್ನ ಅಕ್ಕಿ ಹಾಕಿ ಪೂಜಾ ಮಾಡೂದಲ್ಲ, ಓದೂದ್ರಿ."

ಬಡಿಸುತ್ತಿದ್ದ ಚಂಪಾ ಆತ್ಯಾಳ ಕೈ ನಿಂತಿತು. ಸಾರಿನ ಸೌಟನ್ನು ಪಾತ್ರೆಗೆ ಇಳಿಸಿದಳು. "ಹಂಗಾರ," ಎಂದಳು, "ನನ್ನ ಉದ್ಯಾಪನಿ ಆಗಿಲ್ಲಂಗಾತು?"

ಆ ವ್ರತಕ್ಕಾಗಿ ಅತ್ತೆ ವರ್ಷಗಟ್ಟಲೆ ಉಪವಾಸ ಮಾಡಿದ್ದಳು. ಮದುವೆ ಮನೆಗಳಲ್ಲಿ ನೀರನ್ನಷ್ಟೇ ಕುಡಿದು ಬಂದಿದ್ದಳು. ಬ್ರಾಹ್ಮಿಗೆ ಈಗ ಎರಡೂ ಕಡೆ ಇಕ್ಕಟ್ಟು. ಶಾಸ್ತ್ರವೆಂದು ಒಪ್ಪಿದರೆ ಎರಡನೆಯ ಪುಸ್ತಕವೂ ಕೆಂಪು ಬಟ್ಟೆಯೊಳಗೆ ಹೋಗುತ್ತದೆ. ಅಲ್ಲವೆಂದರೆ ಅತ್ತೆಯ ವ್ರತ ಮುರಿದಂತೆ. ಅಣ್ಣನ ಮಗಳಾಗಿ ಇದನ್ನು ಆಡಬೇಕಿತ್ತೇ?

ಕಾಕಾಸಾಹೇಬರ ಮುಖ ಬಿಗಿಯಾಗಿತ್ತು. "ಕೊಟ್ಟಿದ್ದು ಹೊಳ್ಳಿ ತರಾಕ ಬರತೈತೇನು? ಜನಾ ಏನ ಅಂದಾರು?"

ಅಷ್ಟರವರೆಗೆ ತನ್ನ ತಾಟಿನಲ್ಲಿ ಮಗ್ನಳಾಗಿದ್ದ ಆಯಿ ಸೆರಗು ಸರಿಮಾಡಿಕೊಂಡಳು. ಅಳಿಯನೆದುರು ಅವಳು ಎಂದೂ ನೇರ ಮಾತಾಡಿದವಳಲ್ಲ. ಗೋಡೆಗೋ ಮಗಳಿಗೋ ಹೇಳುವುದು, ಅಳಿಯ ಕೇಳಿಸಿಕೊಳ್ಳುವುದು. ಈಗಲೂ ಮಗಳ ಕಡೆಗೇ ತಿರುಗಿದಳು.

"ಚಂಪಾ, ಕೊಟ್ಟದ್ದು ದಾನ ಆತು, ಅದು ಎಲ್ಲೂ ಹೋಗೂದಿಲ್ಲ. ಶಾಸ್ತ್ರದಾಗೂ ಮೊದಲ ಕಥೀನ ಇಟ್ಟಾರ, ತತ್ವ ಎಲ್ಲಾ ಆಮ್ಯಾಲ. ಆದ್ರ ಮುನಿಗಳು ಏನ ಕೊಟ್ರೂ ಜೋಡಿ ಒಂದು ನಿಯಮ ಕೊಡತಾರಿಲ್ಲೋ? ನೀವು ನಿಯಮ ಕೊಡೂದು ಮರ್ತೀರಿ. ಪುಸ್ತಕ ಕೊಟ್ರಿ, ಓದೂ ನಿಯಮ ಕೊಡಲಿಲ್ಲ. ಅಷ್ಟ ತಪ್ಪು."

"ಏನ ನಿಯಮಾರೀ ಅತ್ತೀ?" ಕಾಕಾಸಾಹೇಬರು ತಡೆಯಲಾರದೆ ಕೇಳಿದರು.

ಆಯಿ ಗೋಡೆಗೆ ಹೇಳಿದಳು. "ನಾ ನಿಯಮ ಹಿಡದ್ನಿ ನೋಡು. ಇವತ್ತಿನಿಂದ ಆ ಪುಸ್ತಕದಾಗಿಂದು ಒಂದು ಪಾನ ಕೇಳೂತನಕಾ ನನಗ ಸಂಜಿ ಊಟ ತ್ಯಾಗ. ಕಣ್ಣ ಕಾಣೂದಿಲ್ಲ, ಓದೋರು ಯಾರು ಅನ್ನೂದು ನೀವ ನೋಡಕೋರಿ."

ಹೆಂಡತಿಯ ತಾಯಿ ಉಪವಾಸ ಕೂತರೆ ಊರೆಲ್ಲ ಅಳಿಯನ ಕಡೆ ಬೆರಳು ತೋರಿಸುತ್ತದೆ. ಜೈನರ ಮನೆಯಲ್ಲಿ ಸಂಜೆಯ ಊಟ ಹೊತ್ತು ಮುಳುಗುವ ಮುಂಚೆ ಮುಗಿಯಬೇಕು ಬೇರೆ. ಕಾಕಾಸಾಹೇಬರು ಕೈ ತೊಳೆದು, ದೇವರ ಕೋಣೆಗೆ ಹೋಗಿ, ಕೆಂಪು ಗಂಟನ್ನು ತಂದು ಬ್ರಾಹ್ಮಿಯ ಮುಂದಿಟ್ಟರು.

ಬಿಸಿಲು ಇಳಿಯುವ ಹೊತ್ತಿಗೆ ಪಡಸಾಲೆಯಲ್ಲಿ ಆರೇಳು ಹೆಂಗಸರು ಕೂಡಿದ್ದರು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ನೆರೆಮನೆಯ ದಾನೇಶ್ವರಿ ಬಟ್ಟಲು ಹಿಡಿದುಕೊಂಡೇ ಹೊಸ್ತಿಲ ಬಳಿ ಕೂತಳು. ಬ್ರಾಹ್ಮಿ ಓದತೊಡಗಿದಳು. ಎರಡು ಪುಟ ಆಗುವಷ್ಟರಲ್ಲಿ ಅವಳಿಗೆ ಬೆವರಿಳಿಯಿತು. ಬರೆಯುವಾಗ ಮೈಮರೆಸಿದ್ದ "ಶೋಕತಪ್ತ ಜನನಿಯ ಅಶ್ರುಧಾರೆ" ಈಗ ಬಾಯಲ್ಲಿ ಕಲ್ಲಿನಂತೆ ಕಟುಂ ಎಂದಿತು. ಒಬ್ಬಾಕೆ ಆಕಳಿಸಿದಳು. ಬ್ರಾಹ್ಮಿ ಅಂಥ ಸಾಲುಗಳನ್ನು ಹಾರಿಸತೊಡಗಿದಳು. ಹಾರಿಸಿದಲ್ಲೆಲ್ಲ ಕಥೆ ನೆಟ್ಟಗಾಗುತ್ತಿತ್ತು.

"ಹೆಸರೇನಂದಿ?" ಆಯಿ ನಡುವೆ ಕೇಳಿದಳು.

"ಪರ್ಸೆಫೊನಿ."

"ಪಾರಸವ್ವ ಅನ್ನು. ಮುಂದ?"

ಪಾರಸವ್ವ ಪಾತಾಳಕ್ಕಿಳಿದಳು. ತಾಯಿ ಊರೂರು ಅಲೆದಳು. ಹೊಲಗಳು ಬರಡಾದವು. ಮಗಳು ದಾಳಿಂಬೆ ಕಾಳು ಬಾಯಿಗಿಟ್ಟಳು.

"ತಿನಬಾರದಿತ್ತು," ಎಂದಳು ದಿನಾ ಅಕ್ಕಿ ಹಾಕುವಾಕೆ. "ಅಷ್ಟು ಬೀಜಿದ್ದ ಹಣ್ಣು ನಮಗ ವರ್ಜ್ಯ."

"ದಾಳಿಂಬ್ರಿ ನಡೀತೈತ್ರಿ, ಬೀಜದ ನಡಬರಕ ಪೊರಿ ಇರತೈತಲ್ಲ," ಎಂದಳು ಇನ್ನೊಬ್ಬಾಕೆ.

"ಹಣ್ಣಿಂದಲ್ಲ ತಪ್ಪು," ಎಂದಳು ಆಯಿ. "ಪಾತಾಳದಾಗ ಹೊತ್ತು ಹುಟ್ಟೂದ ಇಲ್ಲ. ಅಲ್ಲೆ ಯಾವಾಗ ತಿಂದ್ರೂ ರಾತ್ರಿ ಊಟನ. ರಾತ್ರಿ ತಿಂದಾಳ, ಸಿಕ್ಕೊಂಡಾಳ."

ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಬ್ರಾಹ್ಮಿ ಆ ಕಾಳುಗಳ ಬಗ್ಗೆ ಎಷ್ಟೆಲ್ಲ ಓದಿದ್ದಳು. ಹಗಲಿಲ್ಲದ ಊರಿನಲ್ಲಿ ಉಂಡವಳು ಎಂದು ಅವಳಿಗೆ ಹೊಳೆದಿರಲಿಲ್ಲ.

ಕಡೆಗೆ ತೀರ್ಪು ಬಂತು, ಅರ್ಧ ವರ್ಷ ತಾಯಿಯ ಬಳಿ, ಅರ್ಧ ಗಂಡನ ಬಳಿ. ಬರೆಯುವಾಗ ಇಲ್ಲಿ ಬ್ರಾಹ್ಮಿ ಅತ್ತಿದ್ದಳು. ದಾನೇಶ್ವರಿ ಹೊಸ್ತಿಲಿಂದಲೇ ನಕ್ಕಳು.

"ಆರು ತಿಂಗಳ ತವರಮನಿ? ನಮ್ಮ ಹುಡುಗೀನ ಅಥಣಿಗೆ ಕೊಟ್ಟೀನಿ, ಪಂಚಮಿಗೆ ಕಳಸ್ರಿ ಅಂದ್ರ ನಾಕ ದಿನಕ್ಕ ಹತ್ತು ಮಾತು. ಆ ಪಾತಾಳ ಯಾವ ಊರ ಹತ್ರ ಐತಿ ಕೇಳ ಬೇ, ಸಣ್ಣಾಕಿಗೆ ಅಲ್ಲೆ ವರಾ ನೋಡೂಣು."

ಪಡಸಾಲೆ ಪೂರ್ತಿ ನಗತೊಡಗಿತು. ಬ್ರಾಹ್ಮಿಯೂ ನಕ್ಕಳು, ಒಂದಿಷ್ಟು ನೊಂದುಕೊಂಡೇ. ಮುಚ್ಚಲೆಂದು ಪುಸ್ತಕ ಎತ್ತಿದಾಗ ಕಂಬಕ್ಕೊರಗಿ ಕೂತಿದ್ದ ಚಂಪಾ ಆತ್ಯಾ ಮಾತಾಡಿದಳು.

"ಬ್ರಾಹ್ಮಿ, ಅವರವ್ವ ಅಕೀನ ಕೇಳಲೇ ಇಲ್ಲೇನು? ನಿನಗ ಹಸಿವಾಗಿ ತಿಂದಿಯೋ, ಮನಸಾಗಿ ತಿಂದಿಯೋ ಅಂತ. ಹಸಿವು ಒಂದು, ಮನಸು ಒಂದು. ಅದನ್ನ ನೀ ಬರದ ಇಲ್ಲಲ್ಲ."

ಹೌದು, ಬ್ರಾಹ್ಮಿ ಅದನ್ನು ಬರೆದಿರಲಿಲ್ಲ. ತಾಯಿ ಮಗಳನ್ನು ತಬ್ಬಿಕೊಂಡಳೆಂದು ಅರ್ಧ ಪುಟ ಬರೆದಿದ್ದಳು. ಕೇಳಿದಳೆಂದು ಒಂದು ಸಾಲೂ ಇರಲಿಲ್ಲ. ವರ್ಷಗಟ್ಟಲೆ ಹಸಿವನ್ನು ಬಲ್ಲವಳು ಮೊದಲ ಸಲ ಕಥೆ ಕೇಳಿ, ನೆಟ್ಟಗೆ ಆ ಖಾಲಿ ಜಾಗಕ್ಕೆ ಕೈಯಿಟ್ಟಿದ್ದಳು. ನೋವಾಗಬೇಕಿತ್ತು. ಆದರೆ ಬ್ರಾಹ್ಮಿಗೆ ಚಿಕ್ಕಂದಿನಲ್ಲಿ ಅವರೆಕಾಯಿಯ ರಾಶಿಯ ಮುಂದೆ ಕೂತಾಗಿನ ಹಾಗೆ ಎದೆ ಡವಗುಟ್ಟಿತು.

ಅಷ್ಟರಲ್ಲಿ ಮುರಗೆಪ್ಪನ ಫೋನ್ ಬಂತು. ಅವಳು ಅಂಗಳಕ್ಕೆ ನಡೆದಳು.

"ಮಾಮಾರು ಏನಂದ್ರವಾ? ಎಲ್ಲಾ ಅವರ ತಗೋತಾರ, ಹೌದಿಲ್ಲೋ?"

"ಹಂಗ ಬ್ಯಾಡ್ರಿ ಕಾಕಾ. ಕಟ್ಟುಗಟ್ಟಲೆ ಕೊಡೂದು ಬ್ಯಾಡ."

"ಹುಚ್ಚಿದ್ದೀಯೇನು? ಅವರು ತಗೊಳ್ಳಲಿಲ್ಲಂದ್ರ ನಾ ಅಚ್ಚು ಹಾಕೂದು ಹ್ಯಾಂಗ? ಈ ವರ್ಷ ಆಗೂದಿಲ್ಲ ಮತ್ತ."

"ಆಗದಿದ್ರ ಬಿಡ್ರಿ. ಮೊದಲ ಇಲ್ಲೆ ಓದಿ ನೋಡತೀನಿ. ಎಲ್ಲೆಲ್ಲೆ ತೂತು ಅದಾವ ಗೊತ್ತಾಗಲಿ."

"ಕಾದಂಬರಿ ಬರದಿಯೋ, ಜರಡಿ ಬರದಿಯೋ?" ಎಂದರು ಮುರಗೆಪ್ಪ. "ಆತು. ಮುಗದ ಮ್ಯಾಲ ಬಾ. ಛಾಪಖಾನಿ ಎಲ್ಲೂ ಓಡಿ ಹೋಗೂದಿಲ್ಲ." ಆ ಮಾತಿನಲ್ಲಿ ಭರವಸೆ ಇತ್ತೋ ಬೇಸರ ಇತ್ತೋ ಅವಳಿಗೆ ತಿಳಿಯಲಿಲ್ಲ.

ಒಳಗೆ ಬಂದಾಗ ಹೆಂಗಸರು ಎದ್ದು ಹೋಗಿದ್ದರು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಪುಸ್ತಕ ಜಮಖಾನೆಯ ಮೇಲೆ ತೆರೆದೇ ಬಿದ್ದಿತ್ತು. ಕಾಕಾಸಾಹೇಬರು ಕೆಂಪು ಬಟ್ಟೆ ಹಿಡಿದು ಅದರ ಮುಂದೆ ನಿಂತಿದ್ದರು, ಸುತ್ತಬೇಕೋ ಬೇಡವೋ ಎಂಬಂತೆ. ಅವಳನ್ನು ಕಂಡು ಬಟ್ಟೆಯನ್ನು ಮಡಚಿ ಹೆಗಲ ಮೇಲೆ ಹಾಕಿಕೊಂಡರು.

"ನಾ ಒಳಗಿದ್ನಿ, ನಡುವಿಂದ ಕೇಳಸಲಿಲ್ಲ," ಎಂದರು. "ಅಕೀ ಅವ್ವ ಊರೂರು ತಿರಗಿದ್ಳಲ್ಲ, ಅಲ್ಲಿಂದ ಹೇಳು."

ಬ್ರಾಹ್ಮಿ ಕೂತು ಪುಟ ಹುಡುಕಿದಳು. ಒಂದು ಸಾಲು ಓದಿ ನಿಲ್ಲಿಸಿದಳು.

"ಹೂಂ," ಎಂದರು ಕಾಕಾಸಾಹೇಬರು.